ರೇಡಿಯೇಟರಿಗೆ ಇಟ್ಟ ಹಾಳೆ

ನನಗೆ ಕಾರು ಕಲಿಸಿದವರು ನನ್ನ ಮಾವ. ಹೀಗೆಂದರೆ ಕೇಳಿದವರೆಲ್ಲ ಎಂಥ ಒಳ್ಳೆಯ ಮಾವ ಅನ್ನುತ್ತಾರೆ. 1997ರಲ್ಲಿ, ತೆಕ್ಕಟ್ಟೆಯಲ್ಲಿ, ಮದುವೆಯಾಗಿ ಮೂರು ತಿಂಗಳಾಗದ ಸೊಸೆಯ ಕೈಗೆ ಸ್ಟಿಯರಿಂಗ್ ಕೊಡುವುದು ಸಣ್ಣ ಮಾತಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅವರಿಗೆ ಬೇಕಾಗಿದ್ದದ್ದು ಕಾರು ಓಡಿಸುವ ಸೊಸೆ ಅಲ್ಲ, ಡ್ಯಾಶ್‌ಬೋರ್ಡಿನ ಸೂಜಿ ನೋಡುವ ಎರಡು ಕಣ್ಣು. ಅದು ನನಗೆ ಅರ್ಥವಾಗುವ ಹೊತ್ತಿಗೆ ಲೈಸೆನ್ಸ್ ಕೈಗೆ ಬಂದಿತ್ತು.

ಮಾವ ಮೂವತ್ತು ವರ್ಷ ಸ್ಟ್ಯಾಂಡಿನಲ್ಲಿ ನಿಂತು ಬಾಡಿಗೆ ಕಾರು ಓಡಿಸಿದವರು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಬಂದು, ನಾನು ಆ ಮನೆಗೆ ಕಾಲಿಡುವಾಗ ಅವರಿಗೆ ಬೆಳಕು, ಕತ್ತಲೆ, ದೊಡ್ಡ ದೊಡ್ಡ ಆಕಾರ ಇಷ್ಟೇ ಕಾಣುತ್ತಿತ್ತು. ನನಗೆ ಕಲಿಸಿದ್ದೂ ಪಕ್ಕದಲ್ಲಿ ಕೂತು ಇಂಜಿನ್ನಿನ ಶಬ್ದ ಕೇಳಿಕೊಂಡೇ. ಅತ್ತೆ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು, ವರ್ಷಕ್ಕೆರಡು ಸಲ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿದ್ದದ್ದು ಮಾವ, ಗಂಡನನ್ನು ಕಳಕೊಂಡು ತವರಿಗೆ ಬಂದಿದ್ದ ಅವರ ಮಗಳು, ಅಂದರೆ ನನ್ನ ಅತ್ತಿಗೆ, ನಾನು, ಮತ್ತು ಆ ಕಾರು.

ಬಿಳಿ ಬಣ್ಣದ, ದುಂಡು ಮುಖದ ಹಳೆಯ ಕಾರು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಆ ಕಾರಿಗೆ ಆ ಇಂಜಿನ್ ಹಾಗೆ, ನಮ್ಮ ಮನೆಗೆ ಆ ಕಾರು ಹಾಗೆ. ಅದರ ಮೈ ಬಿಸಿ ಏರದಂತೆ, ಇಳಿಯದಂತೆ ಕಾಪಾಡುವುದಕ್ಕೆ ಮಾವನ ಹತ್ತಿರ ಒಂದು ಶಾಸ್ತ್ರವೇ ಇತ್ತು. ಬೆಳಿಗ್ಗೆ ಚಾಲೂ ಮಾಡಿದರೆ ಐದು ನಿಮಿಷ ಅಲ್ಲೇ ಗುರುಗುಟ್ಟಬೇಕು, ಎಣ್ಣೆ ಇಂಜಿನ್ನಿನ ತಲೆಯ ತನಕ ಏರಬೇಕು. ದೂರ ಹೋಗಿ ಬಂದು ನಿಲ್ಲಿಸಿದರೆ ತಕ್ಷಣ ಬಂದ್ ಮಾಡಬಾರದು, ಮತ್ತೆ ಐದು ನಿಮಿಷ. ನೀರಿನ ಬಿಸಿ ತೋರಿಸುವ ಸೂಜಿ ಮುಕ್ಕಾಲು ದಾಟಿದರೆ ಎಲ್ಲೇ ಇರಲಿ ಬದಿಗೆ ಹಾಕಿ ನಿಲ್ಲಿಸಬೇಕು, ಬಾನೆಟ್ ಎತ್ತಬೇಕು, ಹೀಟರ್ ಪೂರ್ತಿ ತೆರೆಯಬೇಕು. ಕಾರಿನೊಳಗೆ ಬಿಸಿಗಾಳಿ ಬಿಡುವ ಆ ಹೀಟರ್ ಇಂಜಿನ್ನಿನ ಬಿಸಿಯನ್ನೇ ಎಳಕೊಂಡು ಬರುತ್ತದೆ, ಹಾಗಾಗಿ ಇಂಜಿನ್ನಿಗೆ ತಂಪು. ಒಳಗೆ ಕೂತವರ ಗತಿಯನ್ನು ಯಾರೂ ಕೇಳುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಕಾಲಿನ ಮೇಲೆ ಬಿಸಿಗಾಳಿ ಬೀಸಿಕೊಂಡು ಕೋಟದಿಂದ ಕುಂದಾಪುರದ ತನಕ ಎಷ್ಟು ಸಲ ಹೋಗಿದ್ದೇನೋ, ಲೆಕ್ಕವಿಟ್ಟಿಲ್ಲ. ಸೀರೆಯ ನೆರಿಗೆ ಒಣಗಿ ಕಟಕಟ ಅನ್ನುತ್ತಿತ್ತು.

"ನೀರಿನ ಬಿಸಿ ಸೂಜಿ ಹೇಳತ್ತ್, ಎಣ್ಣಿ ಬಿಸಿ ಬೆರಳಿಗೇ ಗೊತ್ತಾಯ್ಕ್" ಅನ್ನುತ್ತಿದ್ದರು ಮಾವ. ಎಣ್ಣೆಯ ಬಿಸಿಗೆ ಪ್ರತ್ಯೇಕ ಸೂಜಿ ಇರಲಿಲ್ಲ. ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ತೆಳುವೋ ದಪ್ಪವೋ, ಸುಟ್ಟಿದೆಯೋ ಇಲ್ಲವೋ ಅಂತ ಹೇಳುತ್ತಿದ್ದರು. ಒಮ್ಮೆಯೂ ತಪ್ಪಾದದ್ದು ನಾನು ಕಂಡಿಲ್ಲ.

ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಉಪ್ಪು ನೀರು ಹಾಕಿದರೆ ಇಂಜಿನ್ನಿನ ಹೊಟ್ಟೆಯೊಳಗೆ ತುಕ್ಕು ಹಿಡಿಯುತ್ತದೆ ಎಂದು ಮಾವ ಜೂನ್ ತಿಂಗಳಲ್ಲಿ ಮಾಡಿನಿಂದ ಇಳಿಯುವ ಮಳೆನೀರನ್ನು ಬಟ್ಟೆ ಕಟ್ಟಿ ಸೋಸಿ ಕ್ಯಾನ್‌ಗಳಲ್ಲಿ ತುಂಬಿಸಿಡುತ್ತಿದ್ದರು. ವರ್ಷವಿಡೀ ಕಾರು ಕುಡಿಯುತ್ತಿದ್ದದ್ದು ಮಳೆನೀರು, ನಾವು ಕುಡಿಯುತ್ತಿದ್ದದ್ದು ಬಾವಿಯ ಉಪ್ಪುನೀರು. ಅತ್ತಿಗೆ ಒಮ್ಮೆ ಏಪ್ರಿಲಿನಲ್ಲಿ ಆ ಕ್ಯಾನಿನ ನೀರಿನಿಂದ ಚಾ ಮಾಡಿದ್ದಕ್ಕೆ ಮಾವ ಎರಡು ದಿನ ಮಾತು ಬಿಟ್ಟಿದ್ದರು.

ಕಾರಿನಲ್ಲಿ ಅವರು ಕೂರುತ್ತಿದ್ದದ್ದು ನನ್ನ ಎಡಬದಿಯ ಸೀಟಿನಲ್ಲಿ. ಕುಂಭಾಶಿ ಬಂತು ಅನ್ನುವುದು ಅವರಿಗೆ ರಸ್ತೆಯ ತಿರುವಿನಿಂದಲೇ ಗೊತ್ತಾಗುತ್ತಿತ್ತು. ಕೂಡಲೇ ಕೇಳುತ್ತಿದ್ದರು.

"ಸೂಜಿ ಎಲ್ಲಿತ್ತ್?"

"ಅರ್ಧಕ್ಕಿತ್ತ್ ಮಾವಯ್ಯ."

ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಪ್ರತಿ ಊರಿಗೊಮ್ಮೆ ಅದೇ ಪ್ರಶ್ನೆ. ಒಂದು ಮಾತು ಹೇಳಬೇಕು. ಹತ್ತು ವರ್ಷಗಳಲ್ಲಿ ನಾನು ಹೇಳಿದ್ದನ್ನು ಅವರು ಎರಡನೇ ಸಲ ಕೇಳಿದವರಲ್ಲ. ನಾನು ಅರ್ಧ ಅಂದರೆ ಅರ್ಧ. ಉಳಿದೆಲ್ಲ ವಿಷಯದಲ್ಲಿ ನನ್ನ ಮೇಲೆ ಅನುಮಾನವಿತ್ತು, ಬೋಲ್ಟು ಸರಿಯಾಗಿ ತಿರುಗಿಸಿದ್ದಾಳೋ, ಮುಚ್ಚಳ ಬಿಗಿ ಮಾಡಿದ್ದಾಳೋ ಎಂದು ಹಿಂದಿನಿಂದ ಬಂದು ಮುಟ್ಟಿ ನೋಡುತ್ತಿದ್ದರು. ಸೂಜಿಯ ವಿಷಯದಲ್ಲಿ ಮಾತ್ರ ಇಲ್ಲ.

ಊರಿನ ಹೆಂಗಸರು ನನ್ನನ್ನು ನೋಡಿ, ನಿಂಗೆ ಎಂತ ಕಡ್ಮಿ ಹೇಳ್, ಬೇಕಾದಲ್ಲಿಗೆ ಕಾರಲ್ಲಿ ಹೋಯ್ಲಕ್ಕ್ ಅನ್ನುತ್ತಿದ್ದರು. ಬೇಕಾದಲ್ಲಿಗೆ! ಆ ಕಾರು ಇಲ್ಲದೆ ನಾನು ಎಲ್ಲಿಗೂ ಹೋಗುವ ಹಾಗಿರಲಿಲ್ಲ, ಮಾವ ಇಲ್ಲದೆ ಕಾರು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮುಂಬಯಿಯಿಂದ ನೆಂಟರು ಬಂದರೆ ತ್ರಾಸಿಯ ಸಮುದ್ರಕ್ಕೆ ಕರಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅವರೆಲ್ಲ ಚಪ್ಪಲಿ ಕಳಚಿ ನೀರಿಗೆ ಓಡುತ್ತಿದ್ದರು. ನಾನು ಗುರುಗುಟ್ಟುವ ಇಂಜಿನ್ ಕಾದುಕೊಂಡು ಕಾರಿನಲ್ಲೇ ಕೂತು, ಗಾಜಿನ ಆಚೆ ಅಲೆ ಬರುವುದು ಹೋಗುವುದು ನೋಡುತ್ತಿದ್ದೆ. ಐದು ನಿಮಿಷ ಮುಗಿದು ಬಂದ್ ಮಾಡಿದರೂ ಕಣ್ಣು ಕಾಣದ ಮಾವನೊಬ್ಬರನ್ನೇ ಕಾರಿನಲ್ಲಿ ಬಿಟ್ಟು ಇಳಿಯುವ ಹಾಗಿರಲಿಲ್ಲ. ಕೊನೆಗೆ ಯಾರಾದರೂ ಬಂದು ಹಸಿವಾಯಿತು, ಹೊರಡುವಾ ಅನ್ನುತ್ತಿದ್ದರು. ತೆಕ್ಕಟ್ಟೆಯಿಂದ ತ್ರಾಸಿ ಎಷ್ಟು ದೂರ? ಆ ಹತ್ತು ವರ್ಷಗಳಲ್ಲಿ ಅಲ್ಲಿ ನನ್ನ ಕಾಲು ನೀರಿಗೆ ತಾಗಿಲ್ಲ.

ಇನ್ನೊಂದು ನೆನಪು ಈಗಲೂ ಸಿಟ್ಟು ತರಿಸುತ್ತದೆ. ನನ್ನ ಅಕ್ಕ ಗಂಡನ ಜೊತೆ ಮುಂಬಯಿಗೆ ಹೊರಟಿದ್ದಳು, ಕುಂದಾಪುರದಲ್ಲಿ ಅವಳನ್ನು ಬಸ್ಸು ಹತ್ತಿಸಲು ನಾನು ಬರುತ್ತೇನೆಂದು ಹೇಳಿದ್ದೆ. ಕೋಟೇಶ್ವರದಲ್ಲಿ ಸೂಜಿ ಮುಕ್ಕಾಲು ದಾಟಿತು. ನಾನು ಹೇಳಿದೆ. ಮಾವ ನಿಲ್ಲಿಸು ಅಂದರು, ಅರ್ಧ ಗಂಟೆ ನಿಲ್ಲಿಸಿದರು. ಸ್ಟ್ಯಾಂಡಿಗೆ ಹೋಗುವಾಗ ಬಸ್ಸು ಹೋಗಿತ್ತು. ಅಕ್ಕ ಕಿಟಕಿಯಿಂದ ಕೊನೆಯ ತನಕ ತಿರುಗಿ ನೋಡುತ್ತಿದ್ದಳು ಎಂದು ಸ್ಟ್ಯಾಂಡಿನ ಅಂಗಡಿಯವರು ಹೇಳಿದರು. "ಇಂಜಿನ್ ಉಳ್ದಿತ್ತಲೆ" ಅಂದರು ಮಾವ ಸಮಾಧಾನಕ್ಕೆ. ಅವರಿಗೆ ಅದು ನಿಜವಾಗಿ ಸಮಾಧಾನವೇ ಆಗಿತ್ತು.

ಇದೆಲ್ಲದರಿಂದ ಹೊರಗೆ ಬರಲು ನನಗೆ ಕಂಡ ಬಾಗಿಲು ಒಂದೇ. ಮದುವೆಗೆ ಮೊದಲು ನಾನು ಟೀಚರ್ ಟ್ರೇನಿಂಗ್ ಮುಗಿಸಿದ್ದೆ. ಸರ್ಕಾರಿ ಶಾಲೆಗೆ ಅರ್ಜಿ ಹಾಕುತ್ತಲೇ ಇದ್ದೆ. ಹತ್ತನೆಯ ವರ್ಷದಲ್ಲಿ, ವಯಸ್ಸಿನ ಮಿತಿ ಮುಗಿಯುವ ಕೊನೆಯ ಸಲಕ್ಕೆ, ಪಟ್ಟಿಯಲ್ಲಿ ನನ್ನ ಹೆಸರು ಬಂತು. ಆಗಸ್ಟ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಉಡುಪಿಯಲ್ಲಿ ಹಾಜರಿರಬೇಕು. ಹೆಸರು ಕರೆದಾಗ ಎದ್ದು ಹೋಗಿ, ಖಾಲಿ ಇರುವ ಶಾಲೆಗಳಲ್ಲಿ ಒಂದನ್ನು ಆರಿಸಿ ಸಹಿ ಹಾಕಬೇಕು. ಕರೆದಾಗ ಇಲ್ಲದಿದ್ದರೆ ಅವಕಾಶ ಹೋಯಿತು ಎಂದು ಪತ್ರದಲ್ಲಿ ಬರೆದಿತ್ತು. ಮನೆಯಲ್ಲಿ ನಾನು ಕೋಟದ ಹತ್ತಿರದ ಶಾಲೆ ಆರಿಸುತ್ತೇನೆ ಅಂದಿದ್ದೆ. ಮನಸ್ಸಿನಲ್ಲಿ ಇದ್ದದ್ದು ಬೈಂದೂರಿನಿಂದಲೂ ಆಚೆಯ ಒಂದು ಶಾಲೆ. ದಿನಾ ಹೋಗಿ ಬರಲಾಗದಷ್ಟು ದೂರ, ರೂಮು ಮಾಡಿಕೊಂಡು ಇರಲೇಬೇಕಾದಷ್ಟು ದೂರ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯೆದುರಿನ ಹೈವೇಯಲ್ಲಿ ಹತ್ತು ನಿಮಿಷಕ್ಕೊಂದು ಉಡುಪಿ ಬಸ್ಸು ಹೋಗುತ್ತಿತ್ತು. ನಾನು ಹೇಳಿಯೂ ನೋಡಿದೆ.

"ನಾನ್ ಬಸ್ಸಗೇ ಹೋತೆ ಮಾವಯ್ಯ."

"ಮನಿಯಗ್ ಕಾರ್ ಇಪ್ಪತಿಗೆ ಬಸ್ಸ್ ಎಂತಕ್? ಹೊತ್ತಿಗ್ ಸಮ ಮುಟ್ಟುಕಾತ್ತ್. ನಾ ಇಲ್ಯಾ ಜೊತಿಗೆ?"

ಆ 'ನಾ ಇಲ್ಯಾ'ದಲ್ಲಿ ನಿಜವಾದ ಪ್ರೀತಿ ಇತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ಉಗುಳಲೂ ಆಗುವುದಿಲ್ಲ, ನುಂಗಲೂ ಆಗುವುದಿಲ್ಲ.

ಇಲ್ಲಿ ಹಾಳೆಯ ವಿಷಯ ಹೇಳಬೇಕು. ಇಂಜಿನ್ನಿನ ನೀರಿನ ದಾರಿಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ನೀರು ಬಿಸಿಯಾಗುವ ತನಕ ಅದನ್ನು ರೇಡಿಯೇಟರಿಗೆ ಹೋಗಿ ತಣ್ಣಗಾಗಲು ಬಿಡದಿರುವುದು ಆ ವಾಲ್ವಿನ ಕೆಲಸ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಹಳೆಯ ಕಾರು ಕೈಗೆ ಸಿಕ್ಕಿದ ಕೂಡಲೇ ಅದನ್ನು ಕಿತ್ತು ಬಿಸಾಡುತ್ತಿದ್ದರು, ಈ ಸೆಕೆಗೆ ಅದೆಂತಕೆ ಎಂದು. ನಮ್ಮ ಕಾರಿನದ್ದೂ ಹೋಗಿತ್ತು. ಬೇಸಿಗೆಯಲ್ಲಿ ಅದರಿಂದ ಏನು ಲಾಭವಾಯಿತೋ ಗೊತ್ತಿಲ್ಲ, ಮಳೆಗಾಲದಲ್ಲಿ ಮಾತ್ರ ಇಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ಎಣ್ಣೆ ದಪ್ಪವಾಗಿಯೇ ಉಳಿದು, ಬಿಳಿ ಹೊಗೆ ಕಾರುತ್ತಾ ಕೆಮ್ಮುತ್ತಾ ಹೋಗುತ್ತಿತ್ತು. ಅದಕ್ಕೆ ಮಾವನ ಔಷಧ ಅಡಿಕೆ ಹಾಳೆ, ಸೋಗೆಯ ಬುಡದ ಆ ಅಗಲವಾದ ಪೊರೆ. ನೀರಿನಲ್ಲಿ ನೆನೆಸಿ ಚಪ್ಪಟೆ ಮಾಡಿದ ಒಂದು ಹಾಳೆಯನ್ನು ಗ್ರಿಲ್ ಮತ್ತು ರೇಡಿಯೇಟರಿನ ನಡುವೆ ಇಳಿಸಿ ಅರ್ಧ ಮುಚ್ಚುವುದು. ಗಾಳಿ ಅರ್ಧವಾದರೆ ಇಂಜಿನ್ ಬೆಚ್ಚಗೆ, ಎಣ್ಣೆ ತೆಳ್ಳಗೆ. ಮಳೆ ನಿಂತು ಹೊಳವಾದರೆ ತೆಗೆಯಬೇಕು.

ಗುರುವಾರ ಸಂಜೆ ಮಾವ ಚಾವಡಿಯಲ್ಲಿ ಕೂತು ಹೇಳಿದರು. "ನಾಳಿಗೆ ಹಾಳಿ ಇಟ್ಕಂಬ. ಅರ್ಧ ಮುಚ್ಚ್." ನನಗೆ ಬಸ್ಸಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೂಂ ಎಂದೂ ಅನ್ನದೆ ಎದ್ದು ಹೋಗಿ ಎಡಬದಿಗೆ ಒಂದು ಹಾಳೆ ಇಳಿಸಿ ಬಂದೆ. ಇಟ್ಟೆ ಅಂತ ಒಂದು ಮಾತು ಹೇಳಬಹುದಿತ್ತು. ಮಾತಾಡದೆ ಕೆಲಸ ಮಾಡಿ ಮುಗಿಸುವುದೇ ನನಗೆ ಆ ಮನೆಯಲ್ಲಿ ಉಳಿದಿದ್ದ ಸಿಟ್ಟಿನ ದಾರಿ. ನಾನು ಉತ್ತರ ಕೊಡಲಿಲ್ಲವಾದ್ದರಿಂದ ಮರೆತಿದ್ದೇನೆ ಎಂದು ಅವರು ತಿಳಿದರು. ಬೆಳಿಗ್ಗೆ ನಾನು ಒಳಗೆ ಸೀರೆ ಉಡುತ್ತಿರುವಾಗ ಅವರು ಅಂಗಳಕ್ಕಿಳಿದು, ತಡವುತ್ತಾ ಬಾನೆಟ್ ಎತ್ತಿ, ತಮ್ಮ ರೂಢಿಯ ಬಲಬದಿಗೆ ಇನ್ನೊಂದು ಹಾಳೆ ಇಳಿಸಿದರು. ಅವರೂ ನನಗೆ ಹೇಳಲಿಲ್ಲ. ಇದು ನಮಗೆ ಗೊತ್ತಾದದ್ದು ಆಮೇಲೆ.

ಎಂಟೂವರೆಗೆ ಹೊರಟೆವು. ಸಣ್ಣಗೆ ಮಳೆ ಇತ್ತು. ಕೋಟ ದಾಟುವಾಗ ಅವರು ಕೇಳಿದರು, ನಾನು ಅರ್ಧಕ್ಕಿತ್ತ್ ಅಂದೆ. ನಿಜವೇ ಹೇಳಿದ್ದೆ. ಮಳೆಗಾಲದಲ್ಲಿ ಸೂಜಿ ಅಷ್ಟು ಬೇಗ ಅರ್ಧಕ್ಕೆ ಬಂದದ್ದು ನಾನು ಕಂಡಿರಲಿಲ್ಲ, ಆದರೂ ಹಾಳೆ ಚೆನ್ನಾಗಿ ಕೂತಿದೆ ಅಂದುಕೊಂಡೆ. ಸಾಲಿಗ್ರಾಮದ ಪೇಟೆಯಲ್ಲಿ ಒಂದು ಲಾರಿ ಅಡ್ಡ ಹಾಕಿತ್ತು. ಅದರ ಹಿಂದೆ ನಿಂತಲ್ಲೇ ಸೂಜಿ ಮುಕ್ಕಾಲಿಗೆ ಏರಿತು. ಮಳೆ ಬಿಟ್ಟಿತ್ತು, ಬಿಸಿಲು ಬಂದಿತ್ತು. ಲಾರಿ ಸರಿಯಿತು. ಪೇಟೆ ದಾಟಿದೆವು.

"ಸೂಜಿ ಎಲ್ಲಿತ್ತ್?"

ಮುಕ್ಕಾಲು ಅಂದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಅರ್ಧ ಗಂಟೆ. ಗಂಟೆ ಒಂಬತ್ತು ದಾಟಿತ್ತು. ಅಕ್ಕನ ಬಸ್ಸು ನನ್ನ ಕಣ್ಣ ಮುಂದೆ ಬಂತು.

"ಅರ್ಧಕ್ಕಿತ್ತ್ ಮಾವಯ್ಯ" ಅಂದೆ.

ಅವರು ಹೂಂ ಅಂದು ಸೀಟಿಗೆ ಒರಗಿದರು. ನನಗೆ ಅಷ್ಟು ಸುಲಭವಾಗಿ ಆಯಿತಲ್ಲ ಎಂದು ಆಶ್ಚರ್ಯವಾಯಿತು. ಹತ್ತು ವರ್ಷ ಈ ದಾರಿ ನನ್ನ ಕೈಯಲ್ಲೇ ಇತ್ತು, ನಾನು ನೋಡಿರಲೇ ಇಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಖುಷಿ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಖುಷಿ ಎರಡು ಮೈಲಿ ಉಳಿಯಲಿಲ್ಲ. ಸೂಜಿ ಕೆಂಪಿನ ಹತ್ತಿರ ಹೋಯಿತು. ಎಣ್ಣೆಯ ಒತ್ತಡದ ಸೂಜಿ ಇನ್ನೊಂದು ಬದಿಯಲ್ಲಿ ಕೆಳಗಿಳಿಯುತ್ತಿತ್ತು. ಅಂದರೆ ಎಣ್ಣೆ ಕಾದು ನೀರಾಗಿದೆ ಎಂದು ಅವರೇ ನನಗೆ ಕಲಿಸಿದ್ದರು. ಹೀಟರ್ ತೆರೆದರೆ ಸ್ವಲ್ಪ ಇಳಿಯುತ್ತಿತ್ತೇನೋ. ಆದರೆ ಬಿಸಿಗಾಳಿ ಕಾಲಿಗೆ ತಾಗಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಇದ್ದ ಒಂದೇ ಉಪಾಯ ಮಾಡಿದರೂ ಸಿಕ್ಕಿಬೀಳುತ್ತೇನೆ, ಮಾಡದಿದ್ದರೆ ಇಂಜಿನ್ ಸಾಯುತ್ತದೆ. ಅತ್ತ ದರಿ, ಇತ್ತ ಪುಲಿ. ವೇಗ ಹೆಚ್ಚಿಸಿದರೆ ಬಿಸಿ ಏರುತ್ತದೆ, ಕಡಿಮೆ ಮಾಡಿದರೆ ಹೊತ್ತಾಗುತ್ತದೆ. ಗೇರ್ ಬದಲಾಯಿಸಿದರೆ ಇಂಜಿನ್ನಿನ ಕಷ್ಟ ಅವರಿಗೆ ಶಬ್ದದಲ್ಲೇ ಗೊತ್ತಾದೀತು ಎಂದು ಗೇರ್ ಕೂಡ ಮುಟ್ಟದೆ ಹೋದೆ.

ಮಾವ ಮೂಗು ಎತ್ತಿದರು. "ಎಂತದೋ ಬೆಂದ ವಾಸ್ನಿ."

ನನಗೂ ಬರುತ್ತಿತ್ತು. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯುವಾಗ ಬರುವಂಥ ಹಸಿ ಎಲೆಯ ವಾಸನೆ.

"ಯಾವ್ದೋ ಹೋಟ್ಲಿಂದ್ ಮಾವಯ್ಯ" ಅಂದೆ. ಎರಡನೆಯ ಸುಳ್ಳು.

"ಸೂಜಿ?"

"ಅರ್ಧಕ್ಕಿತ್ತ್." ಮೂರನೆಯದು.

ಬ್ರಹ್ಮಾವರದ ಬಸ್ ಸ್ಟ್ಯಾಂಡ್ ದಾಟಿ ನಾಲ್ಕು ಮಾರು ಹೋಗಿಲ್ಲ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅನ್ನದ ಪಾತ್ರೆಯ ಮುಚ್ಚಳ ಹಾರಿದ ಹಾಗೆ ಶಬ್ದ. ಇಂಜಿನ್ ಎಳೆಯಲಿಲ್ಲ. ಒಂದು ಸೈಕಲ್ ಅಂಗಡಿಯ ಎದುರು ಬದಿಗೆ ಹಾಕಿದೆ. ಮಾವ ಕೂಗಾಡಲಿಲ್ಲ. "ಬಂದ್ ಮಾಡ್ಬೇಡ. ಹೀಟರ್ ಬಿಡ್" ಅಂದು, ಟವೆಲ್ಲು ಕೈಗೆ ಸುತ್ತಿಕೊಂಡು ಇಳಿದರು. ನಾನೂ ಇಳಿದೆ. ಹಬೆಯೊಳಗೆ ಕೈ ಹಾಕಿ ಗ್ರಿಲ್ಲಿನ ಹಿಂದೆ ತಡವಿದರು. ಬಲಬದಿಯಿಂದ ಒಂದು ಹಾಳೆ ಎಳೆದರು, ಬೆಂದು ಮೆತ್ತಗಾಗಿತ್ತು. ಮತ್ತೆ ತಡವಿದರು, ಕೈ ನಿಂತಿತು. ಎಡಬದಿಯಿಂದ ಇನ್ನೊಂದನ್ನು ಎಳೆದರು.

"ಎರಡಿತ್ತ್" ಅಂದರು.

"ನಿನ್ನೆ ನಾನ್ ಇಟ್ಟದ್ದ್" ಅಂದೆ.

"ಇವತ್ತ್ ನಾನಿಟ್ಟೆ."

ಅರ್ಧ ಅರ್ಧ ಸೇರಿ ರೇಡಿಯೇಟರನ್ನು ಪೂರ್ತಿ ಮುಚ್ಚಿದ್ದ ಆ ಎರಡು ಹಾಳೆಗಳ ಎದುರು ಇಬ್ಬರೂ ನಿಂತಿದ್ದೆವು. ಒಬ್ಬರಿಗೊಬ್ಬರು ಒಂದು ಮಾತು ಹೇಳಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲೇ ನಿಂತಿದ್ದರೆ ಅದು ಇಬ್ಬರ ತಪ್ಪಾಗಿ ಉಳಿಯುತ್ತಿತ್ತು. ಆದರೆ ಮಾವ ಮೂವತ್ತು ವರ್ಷ ಇಂಜಿನ್ ನೋಡಿದವರು. ಒಂದೇ ಸಲ ಹೀಗೆ ಕುದಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಸೂಜಿ ಯಾವಾಗಿಂದ ಮ್ಯಾಲಿತ್ತ್?"

ನಾನು ಅವರ ಕೈಯಿಂದ ಹಾಳೆಗಳನ್ನು ತಕೊಂಡು ಚರಂಡಿಗೆ ಎಸೆದೆ.

"ಹೆಣೆ, ಕೇಂಡದ್ ನಿನ್ನತ್ರ."

"ಸಾಲಿಗ್ರಾಮ ದಾಟ್ದ ಮ್ಯಾಲೆ" ಅಂದೆ.

ಅವರು ಮತ್ತೇನೂ ಕೇಳಲಿಲ್ಲ. ಹಿಂದಿನಿಂದ ಉಡುಪಿ ಉಡುಪಿ ಎಂದು ಕೂಗುತ್ತಾ ಬಸ್ಸು ಬಂತು. ಗಂಟೆ ಒಂಬತ್ತೂವರೆ ಸಮೀಪಿಸಿತ್ತು. ಡಿಕ್ಕಿಯಿಂದ ಮಳೆನೀರಿನ ಕ್ಯಾನ್ ತೆಗೆದು ಅವರ ಕಾಲ ಬುಡದಲ್ಲಿಟ್ಟೆ. ಸೈಕಲ್ ಅಂಗಡಿಯವರಿಗೆ ಸ್ವಲ್ಪ ನೋಡಿಕೊಳ್ಳಿ ಅಂದೆ. "ನಾನ್ ಹೋಯಿ ಬತ್ತೆ ಮಾವಯ್ಯ" ಅಂದೆ. ಅವರು ತಲೆ ಆಡಿಸಿದರೋ ಇಲ್ಲವೋ ಹಬೆಯಲ್ಲಿ ಕಾಣಲಿಲ್ಲ. ಕಣ್ಣು ಕಾಣದ ಮನುಷ್ಯನನ್ನು ಕುದಿಯುವ ಕಾರಿನ ಜೊತೆ ಹೈವೇ ಬದಿಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವರು ಮಡ್ಗಾರ್ಡನ್ನು ಸವರುತ್ತಾ ನನ್ನ ಸೀಟಿನ ಬಾಗಿಲು ಹುಡುಕುತ್ತಿದ್ದರು.

ಉಡುಪಿಯ ಹಾಲಿಗೆ ಓಡುತ್ತಾ ಹೋಗಿ ಕೂತು ಉಸಿರು ಬಿಡುವಷ್ಟರಲ್ಲಿ ಪಟ್ಟಿ ಓದಲು ಶುರು ಮಾಡಿದರು. ನನ್ನ ಹೆಸರು ಹನ್ನೊಂದು ಗಂಟೆಯ ಮೇಲೆ ಬಂತು. ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಶಾಲೆ ಒಂದು ಇನ್ನೂ ಖಾಲಿ ಇತ್ತು. ಒಂದು ಗಳಿಗೆ ಬೆರಳು ಅಲ್ಲಿಗೆ ಹೋಯಿತು, ಬ್ರಹ್ಮಾವರದಲ್ಲಿ ನಿಂತಿದ್ದವರ ನೆನಪಾಗಿ. ಮತ್ತೆ ಬೈಂದೂರಿನ ಆಚೆಯ ಶಾಲೆಯನ್ನೇ ತೋರಿಸಿ ಸಹಿ ಹಾಕಿದೆ. ಇಷ್ಟು ದೂರ ಯಾಕಮ್ಮ, ಹತ್ತಿರದ್ದಿದೆಯಲ್ಲ ಅಂದರು ಮೇಜಿನ ಆಚೆ ಇದ್ದವರು. ಇರಲಿ ಸರ್ ಅಂದೆ.

ಉಳಿದ ಕಾಗದಪತ್ರ ಮುಗಿಸಿ ಬ್ರಹ್ಮಾವರಕ್ಕೆ ವಾಪಸು ಬರುವಾಗ ಮೂರು ಗಂಟೆ. ಮಾವ ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಸೈಕಲ್ ಅಂಗಡಿಯವರು ಎರಡು ಸಲ ಚಾ ತಂದುಕೊಟ್ಟರಂತೆ. ಶಬ್ದ ಕೇಳಿಕೊಂಡು ಇಂಜಿನ್ ತಣಿಸಿದ್ದರು, ಪೈಪು ಮುಟ್ಟಿ ನೋಡಿ ಲೋಟ ಲೋಟವಾಗಿ ನೀರು ಹಾಕಿದ್ದರು, ಯಾರ ಕೈಯಲ್ಲೂ ಮುಟ್ಟಿಸಿರಲಿಲ್ಲ. ಕಡ್ಡಿ ಎಳೆದು ಎಣ್ಣೆ ತಿಕ್ಕಿದ ಬೆರಳನ್ನು ನನ್ನ ಕಡೆ ಚಾಚಿದರು. ಎಣ್ಣೆ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿತ್ತು.

"ಎಣ್ಣಿಗ್ ನೀರ್ ಬಿದ್ದಿತ್ತ್. ಇನ್ ಆತ್ತಿಲ್ಲೆ" ಅಂದರು.

ಕಾರನ್ನು ಟೆಂಪೋಗೆ ಕಟ್ಟಿ ಗ್ಯಾರೇಜಿಗೆ ಎಳೆಸಿ, ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ಹತ್ತುವಾಗ ಇಳಿಯುವಾಗ ನನ್ನ ಹೆಗಲು ಹಿಡಿದರು, ಬೇರೆ ದಾರಿ ಇರಲಿಲ್ಲ. ಯಾವ ಶಾಲೆ ಎಂದು ಕೇಳಿದರು. ಹೇಳಿದೆ. ಆ ದಿನ ಇನ್ನೊಂದು ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಸುಮ್ಮನಿರಲಿಲ್ಲ. ಭಾನುವಾರ ಸಂಜೆ ಮುಂಬಯಿಯಿಂದ ಫೋನ್ ಬಂದಾಗ ಎಲ್ಲವನ್ನೂ ಒಪ್ಪಿಸಿದಳು. ಅಪ್ಪಯ್ಯನನ್ನು ಬೀದಿಯಲ್ಲಿ ಬಿಟ್ಟು ಹೋದದ್ದು, ಇಂಜಿನ್ ಸುಟ್ಟದ್ದು, ಹೇಳಿದ್ದೊಂದು ಶಾಲೆ ಆರಿಸಿದ್ದೊಂದು ಶಾಲೆ. ಸುಳ್ಳಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ನನ್ನ ಗಂಡ ನನ್ನ ಹತ್ತಿರ ಮಾತಾಡುವ ಮೊದಲೇ ತೀರ್ಮಾನ ಮಾಡಿದ್ದರು. ಕೆಲಸಕ್ಕೆ ಸೇರುವುದು ಬೇಡ, ಪತ್ರ ವಾಪಸು ಕೊಡಲಿ. ನಾನು ಫೋನಿನ ಹತ್ತಿರ ನಿಂತು ಅಳುತ್ತಿದ್ದೆ. ಮಾವ ಗೋಡೆ ಹಿಡಿದುಕೊಂಡು ಬಂದು ಅತ್ತಿಗೆಯ ಕೈಯಿಂದ ಫೋನ್ ತಕೊಂಡರು.

"ಎರಡ್ ಹಾಳಿನೂ ನಾನೇ ಇಟ್ಟದ್ದ್ ಮಗಾ" ಅಂದರು. "ಸೂಜಿ ಮ್ಯಾಲ್ ಹೋಯ್ತ್ ಅಂದೇಳಿ ನಿನ್ನ ಹೆಂಡ್ತಿ ಹೇಳಿತ್ತ್. ನಾನೇ ಹೋಪ ಹೋಪ ಅಂದದ್ದ್. ಬಸ್ಸಿಗೆ ಹೋಗ್ ಅಂದದ್ದೂ ನಾನೇ. ಶಾಲಿ ಬಿಡುಕಾಗ, ಅದ್ ಹೋಯ್ಲಿ."

ಅತ್ತ ಕಡೆಯಿಂದ ಏನೋ ಹೇಳುತ್ತಿದ್ದರು. ಮಾವ ಹೂಂ ಹೂಂ ಅಂದು ಫೋನ್ ಇಟ್ಟರು. ಆ ಮನೆಯಲ್ಲಿ ಅವರ ಮಾತನ್ನು ಮೀರುವವರಿರಲಿಲ್ಲ. ನನ್ನ ಕೆಲಸ ಉಳಿಯಿತು. ಅತ್ತಿಗೆ ಅಡುಗೆಮನೆಗೆ ಹೋದ ಮೇಲೆ ನಾನು ಅವರ ಕಾಲು ಮುಟ್ಟಲು ಬಾಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನೀ ಬೈಂದೂರಿಗ್ ಹೋಗ್ ಹೆಣೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೆಟ್ಟಿಲ್ ಎಲ್ಲಿತ್ತ್, ಬಾವಿಕಟ್ಟಿ ಎಲ್ಲಿತ್ತ್ ಅಂದೇಳಿ ನಾನ್ ಇನ್ನೊಬ್ರತ್ರ ಕೇಂಡೇ ನಡಿಕ್. ಇನ್ ನಿನ್ನತ್ರ ಕೇಂಬುಕೆ ನಂಗೆ ಹೆದ್ರಿಕಿ ಆತ್ತ್."

ಮರುದಿನ ಬೈಂದೂರಿನ ಬಸ್ಸು ಹತ್ತಿದೆ. ಮರವಂತೆಯಲ್ಲಿ ಎಡಕ್ಕೆ ಸಮುದ್ರ ಬಂದಾಗಲೂ ಅಳುತ್ತಿದ್ದೆ. ಶಾಲೆಯ ಹತ್ತಿರ ರೂಮು ಸಿಕ್ಕಿತು, ಮಕ್ಕಳು ಸಿಕ್ಕಿದರು, ನಾನು ಬಯಸಿದ್ದೆಲ್ಲ ಸಿಕ್ಕಿತು. ಮಾವ ಆಮೇಲೆ ಆರು ವರ್ಷ ಬದುಕಿದ್ದರು. ರಜೆಗೆ ಹೋದಾಗ ಚೆನ್ನಾಗಿಯೇ ಮಾತಾಡುತ್ತಿದ್ದರು, ಉಂಡೆಯಾ, ಶಾಲೆಯ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಚಾವಡಿಯಿಂದ ಅಂಗಳಕ್ಕೆ ಇಳಿಯುವಾಗ ನಾನು ಹತ್ತಿರ ಹೋಗಿ ಕೈ ಚಾಚಿದರೆ ಮಾತ್ರ, ಅವರು ಅಲ್ಲೇ ಮೆಟ್ಟಿಲ ಮೇಲೆ ನಿಂತು, ಅತ್ತಿಗೆ ಒಳಗಿನಿಂದ ಬರುವ ತನಕ ಕಾಯುತ್ತಿದ್ದರು.